ಕಲ್ಲು ಕುಟ್ಟುವ ಆಟ ತಮಗೆ ಹಿಡಿಸೀತೇ?

ವಿಮರ್ಶಕರಿಗೆ ಎಚ್ಚರವಾದಾಗ ಇಡೀ ಕಚೇರಿ ಅವರ ಬೆನ್ನ ಹಿಂದೆ ನಿಂತಿತ್ತು.

ಊಟವಾದ ಮೇಲಿನ ಹೊತ್ತು. ವಾರಪತ್ರಿಕೆಯ ಕಚೇರಿಯ ನಟ್ಟನಡುವೆ, ಗೋಡೆಯ ದೊಡ್ಡ ಟೀವಿಯ ಮುಂದೆ, ತಿರುಗುವ ಕುರ್ಚಿಯಲ್ಲಿ ಅವರು ಆಸೀನರಾಗಿದ್ದರು. ಕೈಯಲ್ಲಿ ವಿಡಿಯೋ ಗೇಮಿನ ರಿಮೋಟು. ಬಾಯಿ ತೆರೆದಿತ್ತು. ಅಲ್ಲಿ ಹುಟ್ಟಿದ ಒಂದು ಸಣ್ಣ ತೊರೆ ಗದ್ದವನ್ನು ಬಳಸಿ ಹರಿದು ರಿಮೋಟಿನ ಗುಂಡಿಗಳ ನಡುವೆ ಸಂಗಮವಾಗಿತ್ತು. ಹೆಬ್ಬೆರಳೊಂದು ಮಾತ್ರ ಕರ್ತವ್ಯ ಮರೆಯದೆ ಒಂದೇ ಗುಂಡಿಯನ್ನು ಒತ್ತಿ ಹಿಡಿದಿತ್ತು. ಅದರ ಫಲವಾಗಿ ಪರದೆಯ ಮೇಲೆ ಟೋಪಿ ತೊಟ್ಟ ಕುಳ್ಳ ಮನುಷ್ಯನೊಬ್ಬ ಪಿಕಾಸಿ ಎತ್ತಿ ಎತ್ತಿ ಯಾರದೋ ಮನೆಯ ಗೋಡೆಗೆ ಹೊಡೆಯುತ್ತಲೇ ಇದ್ದ. ಟಣ್. ಟಣ್. ಟಣ್. ಗೋಡೆ ಜಪ್ಪಯ್ಯ ಅಂದಿರಲಿಲ್ಲ. ಒಳಗಿನಿಂದ ಒಬ್ಬ ಅಜ್ಜಿ ಬಂದು, "ಏನಪ್ಪಾ ಬೇಕಿತ್ತು?" ಎಂದು ಕೇಳಿ, ಉತ್ತರ ಬಾರದೆ ಬಾಗಿಲಲ್ಲೇ ನಿಂತಿದ್ದಳು.

"ಸಾರ್, ಆ ಅಜ್ಜಿ ಕೇಳಿ ಬಹಳ ಹೊತ್ತಾಯ್ತು," ಎಂದಳು ಪತ್ರಿಕೆಯ ಪುಟ ಜೋಡಿಸುವವಳು. "ಪಾಪ, ಏನಾದ್ರೂ ಒಂದು ಹೇಳಿಬಿಡಿ."

ವಿಮರ್ಶಕರು ಅಂಗಿಯ ತೋಳಿನಿಂದ ಗದ್ದ ಒರೆಸಿಕೊಂಡರು. "ಕಣ್ಣು ಮುಚ್ಚಿಕೊಂಡು ಆಟದ ಸಂಗೀತ ಪರೀಕ್ಷೆ ಮಾಡ್ತಿದ್ದೆ," ಎಂದರು.

"ಗೊತ್ತಾಯ್ತು ಸಾರ್. ಜೊತೆಗೆ ನೀವೂ ಹಾಡ್ತಿದ್ರಿ."

ಕಚೇರಿ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಕ್ರೀಡಾಪುಟದವರು. (ಅವರ ನಗೆಯ ಗುಟ್ಟು ಸ್ವಲ್ಪ ಹೊತ್ತಿನಲ್ಲೇ ತಿಳಿಯುತ್ತದೆ. ಅಷ್ಟರಲ್ಲಿ ವಿಮರ್ಶಕರ ಪರಿಚಯ ಮಾಡಿಕೊಡುವುದು ಮರ್ಯಾದೆ. ಇಲ್ಲವಾದರೆ ಓದುಗರು ಅವರನ್ನು ಜೊಲ್ಲಿನ ಮೂಲಕವೇ ನೆನಪಿಟ್ಟುಕೊಂಡಾರು.)

ಆ ವಾರಪತ್ರಿಕೆಯ ಕೊನೆಯ ಪುಟದಲ್ಲಿ 'ಹಿಡಿಸೀತೇ?' ಎಂಬ ಅಂಕಣ ಬರುತ್ತಿತ್ತು. ಸಿನಿಮಾ ಇರಲಿ, ಕಾದಂಬರಿ ಇರಲಿ, ಬೆನ್ನುನೋವಿನವರ ಹಾಸಿಗೆ ಇರಲಿ, ಹೊಸದಾಗಿ ಬಂದ ಯಾವುದೇ ವಸ್ತು ಯಾರಿಗೆ ಹಿಡಿಸೀತು, ಯಾರಿಗೆ ಹಿಡಿಸದು ಎಂದು ತೀರ್ಪು ಕೊಡುವ ಅಂಕಣ. ಅದನ್ನು ಬರೆಯುತ್ತಿದ್ದವರು ನಮ್ಮ ವಿಮರ್ಶಕರು. ತಲೆ ಕಪ್ಪಗಿದ್ದಾಗ ಶುರು ಮಾಡಿದ್ದು. ಈಗ ತಲೆಯಲ್ಲಿ ಕಪ್ಪನ್ನು ಹುಡುಕಬೇಕು. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಒಂದು ಅಗುಳು ಸಾಕು ಎಂಬುದು ಅವರ ಸಿದ್ಧಾಂತ. ಸಿನಿಮಾ ಆದರೆ ಮಧ್ಯಂತರಕ್ಕೆ ಎದ್ದು ಬರುವರು. ಕಾದಂಬರಿ ಆದರೆ ಮೊದಲಲ್ಲೊಂದು ಪುಟ, ಕೊನೆಯಲ್ಲೊಂದು ಪುಟ. ಹಾಸಿಗೆಯೊಂದನ್ನು ಮಾತ್ರ ಅವರು ಪೂರ್ತಿ ಪರೀಕ್ಷಿಸಿದ್ದರು. ಹಾದಿಯಲ್ಲಿ ಯಾರಾದರೂ, "ನಿಮ್ಮ ಬರಹ ಓದಿಯೇ ಕೊಂಡೆವು" ಎಂದರೆ ಆ ದಿನ ಅವರ ಎದೆ ಅಂಗಿಯ ಅಳತೆಗೆ ಮೀರಿ ನಿಲ್ಲುತ್ತಿತ್ತು.

ಅಂಥವರಿಗೆ ಈ ವಾರ ಬಂದು ತಗುಲಿಕೊಂಡದ್ದು 'ಕಬ್ಬಿಣಗಿರಿ' ಎಂಬ ವಿಡಿಯೋ ಗೇಮು. ಅದರಲ್ಲಿ ಟೋಪಿಯವನು ಕಲ್ಲು ಒಡೆಯಬೇಕು. ಕಲ್ಲು ಒಡೆದರೆ ಚೂರು ಕಬ್ಬಿಣ. ಕಬ್ಬಿಣ ಸೇರಿಸಿದರೆ ಸ್ವಲ್ಪ ದೊಡ್ಡ ಪಿಕಾಸಿ. ಸ್ವಲ್ಪ ದೊಡ್ಡ ಪಿಕಾಸಿ ಸಿಕ್ಕಿದರೆ? ಸ್ವಲ್ಪ ದೊಡ್ಡ ಕಲ್ಲು. ಹೀಗೆ ಊರಿಂದ ಊರಿಗೆ ಕುಟ್ಟಿಕೊಂಡು ಹೋದರೆ ಕೊನೆಗೆ ಒಂದು ಕಬ್ಬಿಣದ ಅರಮನೆ ಇದೆಯಂತೆ. ಜನ ಇದಕ್ಕೆ ಹುಚ್ಚೆದ್ದು ಬಿದ್ದಿದ್ದರು. ಅಷ್ಟೇ ಜನ ಹುಚ್ಚೆದ್ದು ಬೈಯುತ್ತಿದ್ದರು. ಉಳಿದವರು, ಇದು ತಮ್ಮ ಜಾಯಮಾನಕ್ಕೆ ಒಗ್ಗುತ್ತದೋ ಇಲ್ಲವೋ ತಿಳಿಯದೆ ಅಂಗಡಿಯ ಮುಂದೆ ನಿಂತಿದ್ದರು.

ಗಲಾಟೆ ಕೇಳಿ ಸಂಪಾದಕಿ ಮೇಡಂ ಗಾಜಿನ ಕೋಣೆಯಿಂದ ಹೊರಗೆ ಬಂದರು. ಟೀವಿ ನೋಡಿದರು. ರಿಮೋಟು ನೋಡಿದರು. ಕರವಸ್ತ್ರ ತೆಗೆದು ವಿಮರ್ಶಕರಿಗೆ ಕೊಟ್ಟರು.

"ಬರೆಯೋದಕ್ಕೆ ಸಾಕಾಗುವಷ್ಟು ಆಡಿದ್ದಾಯ್ತು ಮೇಡಂ," ಎಂದರು ವಿಮರ್ಶಕರು. "ಅಭಿರುಚಿ ಇರೋರಿಗೆ ಇದು ಹಿಡಿಸೋಲ್ಲ. ಅರ್ಧ ಪುಟದಲ್ಲಿ ಮುಗಿಸಿಬಿಡ್ತೀನಿ."

"ಅರ್ಧ ಪುಟ ಬೇಡ. ನೀವು ಮೊದಲನೇ ಊರೂ ದಾಟಿಲ್ಲ. ಓದುಗರು ಫೋನ್ ಮಾಡಿ ಏನಂತಾರೆ ಗೊತ್ತಾ? 'ನಿಮ್ಮ ವಿಮರ್ಶಕರು ಡಬ್ಬದ ಮೇಲಿನ ಚಿತ್ರ ನೋಡಿ ಬರೀತಾರಾ?' ಅಂತ. ಈ ಸಲ ಕೊನೆವರೆಗೆ ಆಡಿ ಬರೀಬೇಕು. ಆಮೇಲೆ ಓದುಗರ ಕೂಟ ಇದೆಯಲ್ಲ, ಅಲ್ಲಿ ವೇದಿಕೆ ಮೇಲೆ ಕೂತು ಎಲ್ಲರೆದುರಿಗೆ ಆಡಿ ತೋರಿಸಬೇಕು."

"ಕೊನೆವರೆಗೆ?" ವಿಮರ್ಶಕರ ದನಿ ಕುಸಿಯಿತು.

"ಆಗಲ್ಲ ಅಂದ್ರೆ ಈಗಲೇ ಹೇಳಿ. ಅಂಕಣ ಕ್ರೀಡಾಪುಟದವರಿಗೆ ಕೊಡ್ತೀನಿ. ಹೇಗಿದ್ರೂ ಇದೂ ಆಟವೇ."

ಕ್ರೀಡಾಪುಟದವರು ಬೆರಳಿನ ನೆಟಿಗೆ ಮುರಿದುಕೊಂಡರು. ಆ ಸದ್ದು ವಿಮರ್ಶಕರಿಗೆ ತಮ್ಮ ಪುಟದ ಮೇಲೆ ಬೇರೆಯವರ ಹೆಸರು ಅಚ್ಚಾಗುವ ಸದ್ದಿನಂತೆ ಕೇಳಿಸಿತು.

"ಆಗಲ್ಲ ಅಂತ ಯಾರು ಹೇಳಿದ್ದು?" ಎಂದವರೇ ಆಟದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು, ಗೆದ್ದು ಬಂದ ಸೇನಾಪತಿಯ ಗತ್ತಿನಲ್ಲಿ ಹೊರಟರು. ಟೀವಿಯಿಂದ ತಂತಿ ಬಿಚ್ಚುವುದನ್ನು ಮರೆತಿದ್ದರಿಂದ ಬಾಗಿಲವರೆಗೂ ಹೋಗಲಾಗಲಿಲ್ಲ, ಅದು ಬೇರೆ ವಿಷಯ.

ಮನೆಯಲ್ಲಿ ಅವರು ಪಟ್ಟಾಗಿ ಕೂತು ಆಡಿದರು. ಆಡಿದರು ಎಂದರೆ ಕುಟ್ಟಿದರು. ಟಣ್ ಟಣ್. ಒಂದು ಕಲ್ಲು ಒಡೆಯುವಷ್ಟರಲ್ಲಿ ಅವರಿಗೆ ತಮ್ಮ ಜೀವನದ ಎಲ್ಲ ದುಃಖಗಳೂ ನೆನಪಾಗುತ್ತಿದ್ದವು. ಎರಡನೆಯ ಕಲ್ಲಿಗೆ ಬರುವಾಗ ದುಃಖಗಳು ಮುಗಿದು, ಬೇರೆಯವರ ದುಃಖಗಳನ್ನು ಸಾಲ ತರಬೇಕಾಗುತ್ತಿತ್ತು. ಮೂರನೆಯದನ್ನು ಅರ್ಧಕ್ಕೆ ಬಿಟ್ಟು ನಾಲ್ಕನೆಯದು ಮೆತ್ತಗಿದೆಯೇನೋ ಎಂದು ನೋಡುವರು.

ಧಡಧಡನೆ ಮೆಟ್ಟಿಲು ಹತ್ತಿ ಅವರ ಹೆಂಡತಿ ಬಂದಳು. ಆಕೆ ದಂತವೈದ್ಯೆ. ಕೆಳಗಿನ ಅಂತಸ್ತಿನಲ್ಲೇ ಕ್ಲಿನಿಕ್ಕು. (ಇಡೀ ದಿನ ಎಲ್ಲರಿಗೂ 'ಬಾಯಿ ತೆಗೀರಿ' ಅನ್ನುವವಳು ಮೇಲೆ ಬಂದರೆ ಒಬ್ಬರಿಗೆ ಮಾತ್ರ 'ಬಾಯಿ ಮುಚ್ಚಿ' ಅನ್ನುತ್ತಿದ್ದಳು.)

"ಏನ್ರೀ ಇದು? ಕೆಳಗೆ ಪೇಷೆಂಟು ಕುರ್ಚೀಲಿ ಮಲಗಿದ್ರು. ಮೇಲಿಂದ ಟಣ್ ಟಣ್ ಅಂತ ಸದ್ದು. 'ಡಾಕ್ಟ್ರೇ, ಮೇಲೆ ಯಾರದ್ದು ಕೀಳ್ತಿದ್ದಾರೆ?' ಅಂತ ಕೇಳಿ, ಬಾಯಲ್ಲಿದ್ದ ಹತ್ತಿ ಸಮೇತ ಎದ್ದು ಹೋಗಿಬಿಟ್ರು!"

"ನಾನಿಲ್ಲಿ ಸಾಹಿತ್ಯಸೇವೆ ಮಾಡ್ತಿದ್ದೀನಿ ಕಣೇ."

"ಕಲ್ಲು ಕ್ವಾರಿ ಸೇವೆ ತರಹ ಇದೆ. ಸದ್ದು ಕಡಿಮೆ ಮಾಡಿ."

"ಸದ್ದು ಕಡಿಮೆ ಮಾಡಿದ್ರೆ ನಿದ್ದೆ ಬರುತ್ತೆ."

"ಹಾಗಾದ್ರೆ ಈ ಆಟ ನಿಮಗೆ ಹಿಡಿಸಿಲ್ಲ ಅಂತಾಯ್ತು. ಅಷ್ಟನ್ನೇ ಬರೆದು ಕೊಡಿ."

"ಹಿಡಿಸಿಲ್ಲ ಅಂತ ಬರೆಯೋದಕ್ಕೂ ಕೊನೆವರೆಗೆ ಆಡಬೇಕಂತೆ!" ವಿಮರ್ಶಕರು ಹೆಚ್ಚುಕಡಿಮೆ ಅತ್ತರು. "ಅಂಕಣ ಹೋಯ್ತು ಅಂದ್ರೆ ನಾನು ಯಾರು ಹೇಳು? ರಸ್ತೇಲಿ ನನ್ನನ್ನ ಜನ ಏನಂತ ಗುರುತು ಹಿಡೀತಾರೆ?"

"ಹಲ್ಲಿನ ಡಾಕ್ಟ್ರ ಗಂಡ ಅಂತ. ಈಗಲೂ ಹಾಗೇ ಹಿಡಿಯೋದು," ಎಂದು ಆಕೆ ಇಳಿದು ಹೋದಳು.

ಇಷ್ಟೂ ಹೊತ್ತು ಕಿಟಕಿಯ ಬಳಿಯ ಕುರ್ಚಿಯಲ್ಲಿ ಒಬ್ಬರು ನೆಟ್ಟಗೆ ಕೂತು ಟೀವಿಯನ್ನೇ ನೋಡುತ್ತಿದ್ದರು. ಅವರು ವಿಮರ್ಶಕರ ಅತ್ತೆ, ಹೆಂಡತಿಯ ತಾಯಿ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ನಿವೃತ್ತಿ ಕೊಟ್ಟದ್ದು ಶಾಲೆ, ಅವರು ತಗೊಂಡಿರಲಿಲ್ಲ. ಇಡೀ ಬೀದಿಗೆ ಈಗಲೂ 'ಹೆಡ್‌ಮಿಸ್ಸು'. ಅವರು ತರಕಾರಿ ಅಂಗಡಿಗೆ ಹೋದರೆ ಜನ ತಮಗೆ ಗೊತ್ತಿಲ್ಲದೆಯೇ ಸಾಲಾಗಿ ನಿಲ್ಲುತ್ತಿದ್ದರು. ತಾವು ಕಲಿಸಿದವರಲ್ಲಿ ಒಬ್ಬರ ಅಕ್ಷರವೂ ಓರೆಯಿಲ್ಲ ಎಂಬುದು ಅವರ ಜೀವಮಾನದ ಹೆಮ್ಮೆ. ಹಿಂದೊಮ್ಮೆ ನಗರಸಭೆಯ ಅಧ್ಯಕ್ಷರೇ ಬಂದು ತಮ್ಮ ಮಗಳನ್ನು ಮೇಲಿನ ತರಗತಿಗೆ ಹಾಕಿ ಎಂದು ಕೇಳಿದಾಗ, "ಹಾಕ್ತೀನಿ. ಮೊದಲು ನೀವು ಇಲ್ಲೊಂದು ಸಾಲು ಬರೆದು ತೋರಿಸಿ," ಎಂದು ಅಧ್ಯಕ್ಷರನ್ನೇ ಬೆಂಚಿನ ಮೇಲೆ ಕೂರಿಸಿದ್ದರು.

"ಅಳಿಯಂದ್ರೇ," ಎಂದರು ಹೆಡ್‌ಮಿಸ್ಸು.

"ಹೇಳಿ ಅತ್ತೆ."

"ಆ ಕಲ್ಲು ಅರ್ಧಕ್ಕೆ ಬಿಟ್ರಲ್ಲ, ಅದನ್ನ ಯಾರು ಮುಗಿಸ್ತಾರೆ?"

"ಅದು ಆಟ ಅತ್ತೆ. ಬಿಟ್ರೂ ನಡೆಯುತ್ತೆ."

"ಏನು ನಡೆಯುತ್ತೆ? ಊರ ತುಂಬ ಅರ್ಧಂಬರ್ಧ ಕಲ್ಲು ಬಿದ್ದಿದೆ. ಆ ಟೋಪಿಯವನೋ, ಕಲ್ಲು ನೋಡೋ ಬದಲು ಆಕಾಶ ನೋಡ್ಕೊಂಡು ಹೊಡೀತಾನೆ. ಹೇಳಿಕೊಡೋರು ಸರಿಯಿಲ್ಲದಿದ್ರೆ ಕಲಿಯೋರು ಏನು ಮಾಡ್ತಾರೆ? ಕೊಡಿ ಇಲ್ಲಿ."

ಕೊಟ್ಟರು. ಹೆಡ್‌ಮಿಸ್ಸು ಕನ್ನಡಕ ಸರಿ ಮಾಡಿಕೊಂಡು, ರಿಮೋಟನ್ನು ಸೀಮೆಸುಣ್ಣದ ಡಬ್ಬಿಯ ಹಾಗೆ ಎಡಗೈಯಲ್ಲಿ ಹಿಡಿದು, ಬಲಗೈಯ ತೋರುಬೆರಳಿನಿಂದ ಗುಂಡಿ ಒತ್ತಿದರು. ಟಣ್. ಸ್ವಲ್ಪ ತಡೆದು, ಮತ್ತೊಂದು ಟಣ್. ಅವಸರವಿಲ್ಲ, ಆಲಸ್ಯವೂ ಇಲ್ಲ. ಮಗ್ಗಿ ಹೇಳಿಸುವ ಲಯ. ಕಲ್ಲು ಒಡೆಯಿತು. "ಹ್ಞಾ, ಹಾಗೆ," ಎಂದರು ಟೋಪಿಯವನಿಗೆ. "ಮುಂದಿನದು."

ವಿಮರ್ಶಕರ ತಲೆಯಲ್ಲಿ ದೀಪ ಹೊತ್ತಿಕೊಂಡಿತು. ಅಡುಗೆಯ ರುಚಿ ಹೇಳುವವನು ಒಲೆ ಊದಬೇಕೆಂದು ಯಾವ ಶಾಸ್ತ್ರದಲ್ಲಿದೆ? ಕಲ್ಲು ಕುಟ್ಟುವುದು ಕೂಲಿ; ರಸಾಸ್ವಾದನೆ ಕಲೆ. ಕುಟ್ಟುವುದನ್ನೆಲ್ಲ ಅತ್ತೆಗೆ ಬಿಟ್ಟು, ಕೊನೆಯಲ್ಲಿ ಅರಮನೆಯ ಬಾಗಿಲು ತೆರೆಯುವ ಹೊತ್ತಿಗೆ ಸರಿಯಾಗಿ ತಾವು ಆಗಮಿಸಿದರಾಯಿತು!

"ಅತ್ತೆ," ಎಂದರು ಜೇನು ಸುರಿಸುತ್ತ, "ಈ ಟೋಪಿಯವನನ್ನ ನೀವು ಸ್ವಲ್ಪ ತಿದ್ದಿ ಕೊಡ್ತೀರಾ? ನನಗೆ ಕಚೇರಿ ಕೆಲಸ ವಿಪರೀತ."

ಹೆಡ್‌ಮಿಸ್ಸು ಟೋಪಿಯವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಪೂರ್ತಿ ನನ್ನ ಕೈಗೆ ಬಿಟ್ರೆ ಮಾಡ್ತೀನಿ. ಪಾಠ ನಡೆಯೋ ಹೊತ್ತಲ್ಲಿ ಯಾರೂ ಒಳಗೆ ಬರಬಾರದು. ಪೋಷಕರು ಬಂದು ಇಣುಕಿದ್ರೆ ಮಕ್ಕಳ ಗಮನ ಕೆಡುತ್ತೆ."

"ಖಂಡಿತ ಇಣುಕೋಲ್ಲ!" ಎಂದರು ವಿಮರ್ಶಕರು. ತಮ್ಮ ಬಾಳಿನಲ್ಲಿ ಅವರು ಅಷ್ಟು ಪ್ರಾಮಾಣಿಕವಾಗಿ ಯಾವ ಮಾತನ್ನೂ ಕೊಟ್ಟಿರಲಿಲ್ಲ.

ಅಲ್ಲಿಂದ ಮನೆಗೆ ಒಂದು ಶಿಸ್ತು ಬಂತು. ತಿಂಡಿ ಮುಗಿದೊಡನೆ ಹೆಡ್‌ಮಿಸ್ಸು ಇಸ್ತ್ರಿ ಮಾಡಿದ ಸೀರೆ ಉಟ್ಟು, ಕೈಗಡಿಯಾರ ಕಟ್ಟಿಕೊಂಡು, ಟೀವಿಯ ಕೋಣೆಯ ಬಾಗಿಲು ಹಾಕಿಕೊಳ್ಳುವರು. ಒಳಗಿನಿಂದ ಟಣ್ ಟಣ್ ಜೊತೆಗೆ, "ನೆಟ್ಟಗೆ ನಿಂತ್ಕೋ", "ನಾಯಿ ಕಡೆ ನೋಡಬೇಡ, ಕಲ್ಲಿನ ಕಡೆ ನೋಡು", "ಭೇಷ್" ಎಂಬ ಮಾತುಗಳು. ಆ ಸಮಪ್ರಮಾಣದ ಟಣ್ ಟಣ್‌ಗೆ ಕೆಳಗಿನ ಪೇಷೆಂಟುಗಳೂ ಒಗ್ಗಿಹೋದರು. ಅದರ ಲಯಕ್ಕೆ ಹಲ್ಲು ಕೀಳಿಸಿಕೊಂಡರೆ ನೋವೇ ಗೊತ್ತಾಗುವುದಿಲ್ಲ ಎಂದು ಒಬ್ಬರು ಸರ್ಟಿಫಿಕೇಟು ಕೊಟ್ಟರು.

ಸಂಜೆ ವಿಮರ್ಶಕರು ಬಂದು ಕೇಳುವರು, "ಹೇಗೆ ಸಾಗ್ತಿದೆ ಅತ್ತೆ?"

"ಚೆನ್ನಾಗಿ ಸಾಗ್ತಿದೆ. ಗಟ್ಟಿ ಆಗ್ತಿದ್ದಾನೆ."

"ಬಹಳ ದೂರ ಬಂದುಬಿಟ್ಟಿರಬೇಕು?"

"ಬಹಳ ಸುಧಾರಿಸಿದ್ದಾನೆ."

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು ಎಂದು ಬೇರೆಯವರಿಗಾದರೆ ಅನ್ನಿಸುತ್ತಿತ್ತು. ವಿಮರ್ಶಕರು ಒಂದು ಅಗುಳಿನವರು. ಅವರಿಗೆ ಅಷ್ಟು ಸಾಕಾಯಿತು.

ಕಚೇರಿಯಲ್ಲಿ ಅವರ ನಡಿಗೆಯೇ ಬದಲಾಯಿತು. ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು ಸುತ್ತಿಕೊಂಡು ಬಂದರು (ಹೆಂಡತಿಯ ಕ್ಲಿನಿಕ್ಕಿನದು, ಒಳಗಿನ ಬೆರಳು ಎಳೆಮಗುವಿನದರಂತೆ ನುಣುಪಾಗಿತ್ತು). ಯಾರಾದರೂ ಕೇಳಲಿ ಎಂದು ಅದನ್ನು ಕಾಫಿ ಲೋಟದ ಪಕ್ಕದಲ್ಲಿ ಎತ್ತಿ ಹಿಡಿದು ಕೂರುವರು.

"ಅಷ್ಟು ಕಷ್ಟಾನಾ ಸಾರ್?" ಎಂದು ಕೇಳಿದಳು ಪುಟ ಜೋಡಿಸುವವಳು.

"ಕಷ್ಟ ಅನ್ನಬೇಡ. ತಪಸ್ಸು ಅನ್ನು. ಮೊದಮೊದಲು ಬರೀ ಕಲ್ಲು ಕಾಣುತ್ತೆ. ಆಮೇಲೆ ಕಲ್ಲು ಮಾಯವಾಗಿ ನಾವೇ ಕಾಣ್ತೀವಿ."

"ಯಾವ ಊರಲ್ಲಿದ್ದೀರಿ ಈಗ?" ಎಂದರು ಕ್ರೀಡಾಪುಟದವರು ಅಲ್ಲಿಂದಲೇ.

"ಊರುಗಳನ್ನ ಲೆಕ್ಕ ಇಡೋದು ನಿಮ್ಮಂಥ ಸ್ಕೋರು ಬರೆಯೋರ ಕೆಲಸ," ಎಂದು ವಿಮರ್ಶಕರು ಬ್ಯಾಂಡೇಜಿನ ಬೆರಳಿನಿಂದ ಗಾಳಿಯಲ್ಲಿ ಅವರನ್ನು ಅಳಿಸಿಹಾಕಿದರು.

ಬರಹ ಕೊಡುವ ದಿನ ಬಂತು. ಕಚೇರಿಗೆ ಹೊರಡುವ ಮುನ್ನ ಮುಚ್ಚಿದ ಬಾಗಿಲಿಗೆ ಬಾಯಿಟ್ಟು ಕೇಳಿದರು, "ಅತ್ತೆ, ಮುಗೀತಾ?"

"ಮುಗಿದ ಹಾಗೇ. ಬಾವಿ ಹಿಂದೆ ಒಂಚೂರು ಉಳಿದಿದೆ."

ಬಾವಿ! ಅರಮನೆಯ ಅಂಗಳದಲ್ಲಿ ಬಾವಿ ಇರುವುದು ಸಹಜವೇ. ವಿಮರ್ಶಕರಿಗೆ ರೋಮಾಂಚನವಾಯಿತು. ಆಟದ ಡಬ್ಬವನ್ನು ಎದುರಿಗಿಟ್ಟುಕೊಂಡು, ಅದರ ಮೇಲಿನ ಅರಮನೆಯ ಚಿತ್ರವನ್ನು ಕಣ್ತುಂಬ ನೋಡಿ, ಒಂದೇ ಉಸಿರಿನಲ್ಲಿ ಬರೆದು ಮುಗಿಸಿದರು.

"ಈಗೇನಂತೀರಿ? ಆಟ ನಿಮಗೆ ಹಿಡಿಸ್ತಾ?" ಎಂದಳು ಹೆಂಡತಿ, ಭುಜದ ಮೇಲಿಂದ ಓದುತ್ತ.

"ವಿಪರೀತ ಹಿಡಿಸ್ತು."

"ನೀವು ಆಡಲೇ ಇಲ್ಲವಲ್ರೀ."

"ಆಡೋದೇ ಬೇರೆ, ಆಸ್ವಾದಿಸೋದೇ ಬೇರೆ. ನಿನಗೆ ಗೊತ್ತಾಗಲ್ಲ, ಬಿಡು."

"ಹೌದು ಬಿಡಿ. ನಾನು ಹಲ್ಲು ಕೀಳಬೇಕಾದ್ರೆ ಬಾಯೊಳಗೆ ನೋಡೇ ಕೀಳೋದು."

ಓದುಗರ ಕೂಟದ ದಿನ ಸಭಾಂಗಣ ಭರ್ತಿ. ಹೆಂಡತಿ ಕ್ಲಿನಿಕ್ಕಿಗೆ ಬೀಗ ಹಾಕಿ ಬಂದಿದ್ದಳು. ಹೆಡ್‌ಮಿಸ್ಸು ಮುಂದಿನ ಸಾಲಿನಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಅಕ್ಕಪಕ್ಕದವರು ಕಾರಣ ತಿಳಿಯದೆ ಕೈಕಟ್ಟಿ ಕೂತಿದ್ದರು. ವೇದಿಕೆಯ ಮೇಲೆ ಸಂಪಾದಕಿ, ಆಟವನ್ನು ತಯಾರಿಸಿದ ಕಂಪನಿಯಿಂದ ಬಂದಿದ್ದ ಇಂಜಿನಿಯರ್ ಹೆಂಗಸು, ನಡುವೆ ವಿಮರ್ಶಕರು. ಬೆನ್ನ ಹಿಂದೆ ಗೋಡೆಯಷ್ಟು ದೊಡ್ಡ ಪರದೆ, ಅದಕ್ಕೆ ಮನೆಯಿಂದ ತಂದ ಆಟದ ಪೆಟ್ಟಿಗೆ ಜೋಡಿಸಿತ್ತು.

ಸಂಪಾದಕಿ ಅಂಕಣವನ್ನು ಭಾವಪೂರ್ಣವಾಗಿ ಓದಿದರು: "'ಕಬ್ಬಿಣದ ಅರಮನೆಯ ಮಹಾದ್ವಾರ ನನ್ನ ಪಿಕಾಸಿಯ ಮುಂದೆ ತೆರೆದುಕೊಂಡಾಗ ನನ್ನ ಕಣ್ಣಾಲಿಗಳು ತುಂಬಿಬಂದವು. ದಾಟಿ ಬಂದ ಊರುಗಳೆಲ್ಲ ನೆನಪಾದವು. ಅಂಗಳದ ಬಾವಿಯ ತಣ್ಣೀರಿನಲ್ಲಿ ನನ್ನ ಬೆವರಿನ ಮುಖ ನೋಡಿಕೊಂಡೆ...'"

ಇಂಜಿನಿಯರ್ ಹೆಂಗಸು, "ಬಾವಿ?" ಎಂದು ಮೆಲ್ಲಗೆ ಹುಬ್ಬೇರಿಸಿದ್ದು ಚಪ್ಪಾಳೆಯಲ್ಲಿ ಮುಳುಗಿತು. ಆ ಚಪ್ಪಾಳೆ! ವಿಮರ್ಶಕರು ಕಣ್ಣು ಮುಚ್ಚಿ ಅದನ್ನು ಹೀರಿದರು. ಕ್ರೀಡಾಪುಟದವರು ಕೂಡ ತಟ್ಟುತ್ತಿದ್ದರು, ಒಂದು ಕೈ ಸ್ವಲ್ಪ ದೂರವಿಟ್ಟುಕೊಂಡು.

"ಈಗ ನಮ್ಮ ವಿಮರ್ಶಕರು ಆ ಅರಮನೆಯನ್ನ ನಿಮಗೆಲ್ಲ ತೋರಿಸ್ತಾರೆ," ಎಂದರು ಸಂಪಾದಕಿ.

ಪರದೆ ಬೆಳಗಿತು.

ಅರಮನೆ ಇರಲಿಲ್ಲ. ಒಂದು ಬೇಲಿ ಇತ್ತು, ಒಂದು ಮನೆ ಇತ್ತು. ಬಾಗಿಲಲ್ಲಿ ಒಬ್ಬ ಅಜ್ಜಿ ಇದ್ದಳು. ಆಟ ಆಡಿದವರೆಲ್ಲ ಕಣ್ಣು ಮುಚ್ಚಿ ಗುರುತಿಸಬಲ್ಲ ಊರು ಅದು, ಮೊದಲನೆಯ ಊರು. ಆದರೆ ಅದನ್ನು ಹೀಗೆ ಯಾರೂ ನೋಡಿರಲಿಲ್ಲ. ಎಲ್ಲರ ಆಟದಲ್ಲೂ ಹೆಜ್ಜೆಗೊಂದು ಕಲ್ಲು ಎಡವುವ ಆ ಊರಿನಲ್ಲಿ ಒಂದು ಹರಳೂ ಇರಲಿಲ್ಲ. ನೆಲ, ಪ್ರಾರ್ಥನೆಗೆ ಮುಂಚೆ ಗುಡಿಸಿದ ಶಾಲೆಯ ಅಂಗಳದಂತೆ ಹೊಳೆಯುತ್ತಿತ್ತು. ನಡುವೆ ಟೋಪಿಯವನು ಎದೆ ಉಬ್ಬಿಸಿ, ಎರಡೂ ಕಾಲು ಜೋಡಿಸಿ, ನೆಟ್ಟಗೆ ನಿಂತಿದ್ದ. ಅವನ ತೋಳು ಅವನ ಸೊಂಟಕ್ಕಿಂತ ದಪ್ಪವಾಗಿತ್ತು.

ಸಭೆ ಪಿಸುಗುಟ್ಟತೊಡಗಿತು.

"ಇದು ಮೊದಲನೇ ಊರಲ್ವಾ?" ಎಂದರು ಸಂಪಾದಕಿ.

ವಿಮರ್ಶಕರ ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಅದನ್ನು ಕಿತ್ತು ಹೇಳಿದರು, "ಹೌದು ಮೇಡಂ. ಅರಮನೆ ನೋಡಿ ಆದ ಮೇಲೆ... ಹುಟ್ಟೂರಿನ ಮಮತೆಯಿಂದ ವಾಪಸ್ ಬಂದಿದ್ದಾನೆ."

"ಹಾಗಾದ್ರೆ ಇನ್ನೊಂದು ಸಲ ಕರ್ಕೊಂಡು ಹೋಗಿ ತೋರಿಸಿ."

ವಿಮರ್ಶಕರು ಸಿಕ್ಕಿದ ಗುಂಡಿ ಒತ್ತಿದರು. ಟೋಪಿಯವನು ಟೋಪಿ ತೆಗೆದ. ಇನ್ನೊಂದು ಒತ್ತಿದರು. ನೆಲದ ಮೇಲೆ ಕೂತ. ಮತ್ತೊಂದು ಒತ್ತಿದರು. ಮಲಗಿದ.

"ಏಯ್! ಎದ್ದೇಳೋ!"

ಗುಡುಗಿನಂಥ ದನಿ ಮುಂದಿನ ಸಾಲಿನಿಂದ ಬಂತು. ಸಭೆಯಲ್ಲಿದ್ದ ಎಷ್ಟೋ ಜನ ಎದ್ದು ನಿಂತೇಬಿಟ್ಟರು. ಹೆಡ್‌ಮಿಸ್ಸು ಕೈಚೀಲ ಹಿಡಿದು ಸೀದಾ ವೇದಿಕೆ ಹತ್ತಿದರು. "ಇಷ್ಟು ದಿನ ಕಲಿಸಿದ್ದು ಇದಕ್ಕೇನಾ? ಅಳಿಯಂದ್ರೇ, ಕೊಡಿ ಇಲ್ಲಿ. ಅವನು ಕಂಡಕಂಡೋರ ಮಾತು ಕೇಳೋಲ್ಲ."

ಅವರ ತೋರುಬೆರಳು ತಾಗಿದ್ದೇ ತಡ, ಟೋಪಿಯವನು ಎದ್ದು ಟೋಪಿ ಹಾಕಿಕೊಂಡ.

ಸಂಪಾದಕಿ ಒಮ್ಮೆ ಅತ್ತೆಯನ್ನು, ಒಮ್ಮೆ ಅಳಿಯನ ಬ್ಯಾಂಡೇಜನ್ನು ನೋಡಿದರು. "ಅಮ್ಮಾ, ಈ ಆಟ ಆಡಿದ್ದು ನೀವಾ?"

"ನಾನೇ. ಬೇರೆ ಯಾರು ಆಡ್ತಾರೆ?"

ಸಭೆ ಘೊಳ್ಳೆಂದಿತು. ವಿಮರ್ಶಕರು ವೇದಿಕೆಯಲ್ಲಿ ಕಂತಿಹೋಗಲು ಬಿರುಕು ಹುಡುಕಿದರು. ಹಲಗೆಗಳನ್ನು ಬಹಳ ಒತ್ತಾಗಿ ಜೋಡಿಸಿದ್ದರು. ಕ್ರೀಡಾಪುಟದವರು ಜೇಬಿನಿಂದ ಪೆನ್ನು ತೆಗೆದು ಗೀಚಿ ನೋಡಿಕೊಳ್ಳುತ್ತಿದ್ದದ್ದು ಅವರಿಗೆ ಕಂಡಿತು.

"ಆದ್ರೆ ಅಮ್ಮಾ," ಎಂದರು ಇಂಜಿನಿಯರ್ ಹೆಂಗಸು. ಅವರೊಬ್ಬರು ನಗುತ್ತಿರಲಿಲ್ಲ, ಪರದೆಯ ಹತ್ತಿರ ಹೋಗಿ, ಕಳೆದುಹೋದ ಕಲ್ಲುಗಳನ್ನು ಹುಡುಕುವಂತೆ ನೆಲ ನೋಡುತ್ತಿದ್ದರು. "ಎರಡನೇ ಊರಿಗೆ ಯಾಕೆ ಹೋಗಲಿಲ್ಲ ನೀವು? 'ಮುಂದಿನ ಊರಿಗೆ ಹೋಗುವಿರಾ' ಅಂತ ಆಟವೇ ಕೇಳುತ್ತಲ್ಲ?"

"ಕೇಳ್ತಾನೇ ಇತ್ತು. ನಾಲ್ಕು ಕಲ್ಲು ಒಡೆಯೋದ್ರೊಳಗೆ, 'ನೀವು ಸಿದ್ಧ, ಮುಂದಿನ ಊರಿಗೆ ಹೋಗುವಿರಾ?' ಅಂತ. ನಾನು ಪ್ರತಿ ಸಲ 'ಇಲ್ಲ' ಒತ್ತಿದೆ."

"ಯಾಕೆ?"

"ಯಾಕೆ ಅಂದ್ರೆ? ಒಂದನೇ ಕ್ಲಾಸು ಪಕ್ಕಾ ಆಗದೆ ಎರಡನೇ ಕ್ಲಾಸಿಗೆ ದಬ್ಬೋ ಪದ್ಧತಿ ನನ್ನ ಹತ್ರ ಇಲ್ಲ. ನಿಮ್ಮ ಆಟಕ್ಕೆ ಬಹಳ ಅವಸರ. ಕಲಿಯೋರು ಹಾಳಾಗೋದೇ ಹಾಗೆ."

ಇಂಜಿನಿಯರ್ ಹೆಂಗಸು ಸಭೆಯ ಕಡೆ ತಿರುಗಿದರು. "ಈ ಊರಿನ ಕಲ್ಲುಗಳನ್ನ ಒಂದೊಂದಾಗಿ ಇಟ್ಟೋಳು ನಾನು. ಎಲ್ಲರೂ ಇದನ್ನ ದಾಟಿ ಹೋಗ್ತಾರೆ. ಒಬ್ಬರೂ ಪೂರ್ತಿ ಒಡೆದಿದ್ದನ್ನ ಕಂಡಿಲ್ಲ. ಒಡೆದ್ರೆ ಊರು ಹೀಗೆ ಕಾಣುತ್ತೆ ಅಂತ ನನಗೇ ಗೊತ್ತಿರಲಿಲ್ಲ."

"ಪೂರ್ತಿ ಆಗಿಲ್ಲ," ಎಂದರು ಹೆಡ್‌ಮಿಸ್ಸು. "ಬಾವಿ ಹಿಂದೆ ಒಂದು ಉಳಿದಿದೆ."

ಟೋಪಿಯವನು ಬಾವಿಯನ್ನು ಸುತ್ತಿ ಹೋದ. ಮೂಲೆಯಲ್ಲಿ ಒಂದೇ ಒಂದು ಕಲ್ಲು. ಅವನು ಪಿಕಾಸಿ ಎತ್ತಿದ. ಇಷ್ಟು ದಿನ ಆ ಸದ್ದಿಗೆ ಮನೆ ಬಿಟ್ಟು ಓಡುತ್ತಿದ್ದ ವಿಮರ್ಶಕರು ಕೂಡ ಕುರ್ಚಿಯ ತುದಿಗೆ ಬಂದು ಕಾದರು. ಟಣ್!

ಕಲ್ಲು ಪುಡಿಯಾಯಿತು. ಅಜ್ಜಿ ಬಾಗಿಲು ಬಿಟ್ಟು ಅಂಗಳಕ್ಕೆ ಇಳಿದಳು. ಪರದೆಯ ಮೇಲೆ ಅಕ್ಷರಗಳು ಮೂಡಿದವು: 'ಮುಂದಿನ ಊರಿಗೆ ಹೋಗುವಿರಾ?'

ಹೆಡ್‌ಮಿಸ್ಸು ಟೋಪಿಯವನನ್ನು ಬಹಳ ಹೊತ್ತು ನೋಡಿದರು. "ಹ್ಞೂಂ," ಎಂದರು. "ಈಗ ಹೋಗು." 'ಹೌದು' ಒತ್ತಿದರು.

ಆ ಚಪ್ಪಾಳೆಯ ಮುಂದೆ ಮೊದಲಿನದು ಚಪ್ಪಾಳೆಯೇ ಅಲ್ಲ. ಎರಡನೇ ಊರಾದ ತೋಳಗ್ರಾಮಕ್ಕೆ ಕಾಲಿಟ್ಟೊಡನೆ, ಎಲ್ಲರ ಪ್ರಾಣ ಹಿಂಡುವ ತೋಳವೊಂದು ಎದುರಾಯಿತು. ಟೋಪಿಯವನ ತೋಳು ನೋಡಿ ಅದು ಬಾಲ ಮುದುರಿಕೊಂಡು ಕೂತಿತು. "ಬುದ್ಧಿವಂತ ಪ್ರಾಣಿ," ಎಂದರು ಹೆಡ್‌ಮಿಸ್ಸು.

ಸಂಪಾದಕಿ ಅಲ್ಲೇ ತೀರ್ಮಾನ ಹೇಳಿಬಿಟ್ಟರು. ಇನ್ನು ಮುಂದೆ 'ಹಿಡಿಸೀತೇ?' ಅಂಕಣದ ತೀರ್ಪು ಹೆಡ್‌ಮಿಸ್ಸಿನದು. ಅವರು ಹೇಳುತ್ತಾರೆ, ವಿಮರ್ಶಕರು ಬರೆದುಕೊಳ್ಳುತ್ತಾರೆ. ಕ್ರೀಡಾಪುಟದವರು ಪೆನ್ನನ್ನು ಜೇಬಿಗೆ ಹಾಕಿಕೊಂಡರು.

"ಉಕ್ತಲೇಖನ," ಎಂದರು ಹೆಡ್‌ಮಿಸ್ಸು ಅಳಿಯನ ಕಡೆ ನೋಡಿ. "ತಪ್ಪಿಲ್ಲದೆ ಬರೀಬೇಕು."

ಬೇರೆಯವರಾಗಿದ್ದರೆ ಕುಸಿದುಹೋಗುತ್ತಿದ್ದರು. ವಿಮರ್ಶಕರು ವೇದಿಕೆಯಿಂದ ಇಳಿದು ಹೆಂಡತಿಯ ಪಕ್ಕದಲ್ಲಿ ಕೂರುವ ಹೊತ್ತಿಗೆ ಅರ್ಧ ಸುಧಾರಿಸಿದ್ದರು. ಅಂಕಣ ಮನೆ ಬಿಟ್ಟು ಹೋಗಿರಲಿಲ್ಲ. ಅತ್ತ, ಓದುಗರು ಹೆಡ್‌ಮಿಸ್ಸಿಗೆ ಮುತ್ತಿಗೆ ಹಾಕಿ ಪ್ರಶ್ನೆ ಕೇಳುತ್ತಿದ್ದರು.

"ಮಿಸ್, ಈ ಆಟ ನನಗೆ ಹಿಡಿಸುತ್ತಾ?" ಎಂದು ಕೇಳಿದರು ದರ್ಜಿಯೊಬ್ಬರು.

"ಹೊಲಿಗೆ ಬಿಚ್ಚಿ ಮತ್ತೆ ಹಾಕೋವಾಗ ಕೋಪ ಬರುತ್ತಾ?"

"ಬರಲ್ಲ."

"ಹಿಡಿಸುತ್ತೆ. ತಗೊಳ್ಳಿ."

"ನನಗೆ?" ಎಂದರು ಒಬ್ಬ ವಕೀಲರು.

"ಅರಮನೆ ಎಷ್ಟು ಹೊತ್ತಿಗೆ ಬರುತ್ತೆ ಅಂತ ಕೇಳೋರಿಗೆ ಬೇಡ. ಅಂಗಳ ಗುಡಿಸಿ, ಪೊರಕೆ ಹಿಡ್ಕೊಂಡೇ ಒಂದು ಸಲ ಹಿಂದೆ ತಿರುಗಿ ನೋಡ್ತಾರಲ್ಲ, ಆ ಸುಖ ಗೊತ್ತಿರೋರಿಗೆ ಹಿಡಿಸುತ್ತೆ."

"ಬರೆದುಕೊಂಡ್ರಾ?" ಎಂದಳು ಹೆಂಡತಿ ಗಂಡನ ಪಕ್ಕೆ ತಿವಿದು. ಅವಳ ಕಣ್ಣು ಒದ್ದೆಯಾಗಿತ್ತು. "ನಮ್ಮಮ್ಮ ಕಣ್ರೀ!"

ವಿಮರ್ಶಕರಿಗೂ ಕಣ್ಣಾಲಿಗಳು ತುಂಬಿಬಂದವು. ಈ ಸಲ ನಿಜವಾಗಿ. ಇಷ್ಟು ವರ್ಷದ ತಮ್ಮ ಯಾವ ಅಂಕಣದಲ್ಲೂ ಅಂಥ ಒಂದು ಮಾತು ಬಂದಿರಲಿಲ್ಲ ಎಂದು ಅವರಿಗೆ ಗೊತ್ತಿತ್ತು. ಆ ಮಾತು ಹೇಳಿದವರು ತಮ್ಮ ಮನೆಯವರು! ಹೆಮ್ಮೆ ಹೊಟ್ಟೆಯಿಂದ ಎದ್ದು ಎದೆಗೆ ಬಂತು, ಎದೆಯಿಂದ ತಲೆಗೆ ಏರಿತು. ಪಕ್ಕದ ಕುರ್ಚಿಯವರಿಗೆ, "ನಮ್ಮ ಅತ್ತೆಯವರು. ನಾನೇ ತಯಾರು ಮಾಡಿದ್ದು," ಎಂದರು. ಅವರು ನಂಬಿದರು. ಹಿಂದಿನ ಕುರ್ಚಿಯವರಿಗೂ ಹೇಳಿದರು. ಅವರೂ ನಂಬಿದರು. ಹಾಗಾದರೆ ಸಭೆಗೂ ತಿಳಿಯಲಿ ಎಂದು, ಹೆಂಡತಿ ಅಂಗಿ ಹಿಡಿದು ಜಗ್ಗುತ್ತಿದ್ದರೂ ಲೆಕ್ಕಿಸದೆ, ಎದ್ದು ನಿಂತು ಬ್ಯಾಂಡೇಜಿನ ಬೆರಳು ಎತ್ತಿದರು.

"ನಂದೂ ಒಂದು ಪ್ರಶ್ನೆ ಅತ್ತೆ. ಇಷ್ಟೊಂದು ಕಲ್ಲು ಕುಟ್ಟಿದ್ರೂ ನಿಮಗೆ ಬೇಸರ ಬರಲಿಲ್ಲ. ಇಂಥ ಸಹನೆ ಸುಮ್ಮನೆ ಬರೋದಲ್ಲ. ಮನೆಯಲ್ಲಿ ಯಾರೋ ಒಬ್ಬರು ನಿಮಗೆ ಪ್ರೇರಣೆ ಕೊಟ್ಟಿರಲೇಬೇಕು. ಯಾರು ಅಂತ ಎಲ್ಲರಿಗೂ ಹೇಳಿಬಿಡಿ."

ಸಭೆ ಕಿವಿಗೊಟ್ಟಿತು. ಹೆಡ್‌ಮಿಸ್ಸು ಕನ್ನಡಕ ತೆಗೆದು, ಸೆರಗಿನ ಅಂಚಿನಿಂದ ಒರೆಸಿ, ಮತ್ತೆ ಹಾಕಿಕೊಂಡು ಅಳಿಯನನ್ನು ನೋಡಿದರು.

"ನೀವೇ," ಎಂದರು. "ನನ್ನ ಮಗಳನ್ನ ನಿಮಗೆ ಕೊಟ್ಟಾಗಿನಿಂದ ನಿಮಗೆ ಬುದ್ಧಿ ಹೇಳ್ಕೊಂಡು ಬಂದಿದ್ದೀನಲ್ಲ. ಕಲ್ಲು ಮೆತ್ತಗೆ ಅನ್ನಿಸ್ತು."